ಕ್ಯಾಪ್ಟನ್‌ನಿಂದ ಲೋಡರ್‌ವರೆಗೆ: ವಿಮಾನಲೋಕದ ಅಡ್ಡಹೆಸರುಗಳ ಏಣಿ

ಮಂಗಳೂರಿನ ಹಂಪನಕಟ್ಟೆ, ಕಂಕನಾಡಿ, ಬಲ್ಮಠ, ಅತ್ತ ಉಡುಪಿ, ಮಣಿಪಾಲ ಎಲ್ಲಿ ಹೋದರೂ ವಾಣಿಜ್ಯ ಸಂಕೀರ್ಣಗಳ ಮೇಲಿನ ಮಹಡಿಗಳಲ್ಲಿ ವಿಮಾನಯಾನ ತರಬೇತಿಯ ಫಲಕಗಳು ಕಾಣುತ್ತವೆ. ಪಿಯುಸಿ ಮುಗಿಸಿದವರಿಗೆ ಡಿಪ್ಲೊಮಾ, ಇನ್ನೂ ಓದುವವರಿಗೆ ಪದವಿ. ಬಿಗಿಯಾಗಿ ಕಟ್ಟಿದ ತುರುಬು, ಕುತ್ತಿಗೆಗೆ ಸ್ಕಾರ್ಫ್, ಕಪ್ಪು ಬೂಟು ತೊಟ್ಟ ವಿದ್ಯಾರ್ಥಿಗಳು ಬೆಳಗಿನ ಸಿಟಿ ಬಸ್ಸಿನಲ್ಲಿ ಜೋತಾಡುತ್ತಾ ತರಗತಿಗೆ ಹೋಗುವುದು ಈಗ ನಮ್ಮ ಊರಿನ ಮಾಮೂಲು ನೋಟ. ಅಲ್ಲಿ ಅವರಿಗೆ ಕಲಿಸುವ ಪದಗಳೆಲ್ಲ ಇಸ್ತ್ರಿ ಮಾಡಿದಂತಿರುತ್ತವೆ. ಪ್ರಯಾಣಿಕ ಎನ್ನಬಾರದು, ಅತಿಥಿ ಎನ್ನಬೇಕು. ಸಾಮಾನು ಹೊರುವವನೂ ಸಹೋದ್ಯೋಗಿಯೇ. ಎಲ್ಲರೂ ಒಂದೇ ತಂಡ.

ಕೆಲಸಕ್ಕೆ ಸೇರಿದ ಮೇಲೆ ಇನ್ನೊಂದು ಶಬ್ದಕೋಶ ಕಿವಿಗೆ ಬೀಳಲು ಹೆಚ್ಚು ದಿನ ಬೇಕಾಗುವುದಿಲ್ಲ. ಗಗನಪರಿಚಾರಿಕೆ ಅಲ್ಲಿ 'ಟ್ರಾಲಿ ಡಾಲಿ': ತಳ್ಳುಗಾಡಿ ತಳ್ಳುವ ಗೊಂಬೆ. ವಿಮಾನದ ಎಂಜಿನ್ನಿಗೆ ಕೈ ಹಾಕುವ ಮೆಕ್ಯಾನಿಕ್ 'ಗ್ರೀಸ್ ಮಂಕಿ'. ವಿಮಾನ ನಿಲ್ಲುವ ಅಂಗಳದಲ್ಲಿ ಬ್ಯಾಗ್ ಹೊರುವವರು 'ರ‍್ಯಾಂಪ್ ರ‍್ಯಾಟ್', ಅಂದರೆ ಇಲಿಗಳು. ಪೈಲಟ್ 'ಬಸ್ ಡ್ರೈವರ್', ಏರ್‌ಬಸ್ ಓಡಿಸುವವನಾದರೆ ಇನ್ನೂ ಸಲೀಸು. ಹೋಟೆಲಿಗೆ ಹೋದೊಡನೆ ಬಾಗಿಲು ದೂಡಿ ಚಿಲಕ ಹಾಕಿಕೊಂಡು ಯಾರ ಜತೆಗೂ ಬೆರೆಯದ ಸಹೋದ್ಯೋಗಿ 'ಸ್ಲ್ಯಾಮ್ ಕ್ಲಿಕ್ಕರ್'. ಟಿಕೆಟಿಗೆ ದುಡ್ಡು ಕೊಟ್ಟ ನಾವು ನೀವೆಲ್ಲ 'ಸೆಲ್ಫ್ ಲೋಡಿಂಗ್ ಕಾರ್ಗೋ', ತಾನಾಗಿಯೇ ಹತ್ತಿ ಕೂರುವ ಸರಕು. ಕರೆಯುವ ಮೊದಲೇ ಗೇಟಿನ ಮುಂದೆ ಮುತ್ತಿಕೊಂಡರೆ 'ಗೇಟ್ ಲೈಸ್', ಹೇನುಗಳು.

ಇವೆಲ್ಲ ಹುಟ್ಟಿದ್ದು ಅಮೆರಿಕ, ಇಂಗ್ಲೆಂಡುಗಳ ನಿಲ್ದಾಣಗಳಲ್ಲಿ. ತರಬೇತಿ, ವಿದೇಶಿ ಪೈಲಟ್‌ಗಳು, ಗಲ್ಫ್ ಕಂಪನಿಗಳಲ್ಲಿ ದುಡಿದು ಬಂದವರು, ಈಗ ಮೊಬೈಲಿನ ವಿಡಿಯೊಗಳು, ಹೀಗೆ ನಾನಾ ದಾರಿಯಲ್ಲಿ ಇಲ್ಲಿಗೂ ಬಂದಿವೆ. ಬಂದ ಮೇಲೆ ನಮ್ಮಲ್ಲಿ ಮೊದಲೇ ಇದ್ದ ಸರಕಿನೊಂದಿಗೆ ಸೇರಿಕೊಂಡಿವೆ: ಜಾತಿ, ಮೈಬಣ್ಣ, ಊರು, ಇಂಗ್ಲಿಷಿನ ಉಚ್ಚಾರ. ದೆಹಲಿಯಲ್ಲಿ ಬೀಡುಬಿಟ್ಟ ಕರಾವಳಿಯ ಹುಡುಗ 'ಮದ್ರಾಸಿ' ಆಗುವುದು, ಈಶಾನ್ಯ ರಾಜ್ಯಗಳ ಹುಡುಗಿಯ ಮುಖವೇ ತಮಾಷೆಯ ವಸ್ತುವಾಗುವುದು ವಿಮಾನಯಾನ ಹುಟ್ಟುಹಾಕಿದ ಕಾಯಿಲೆಗಳಲ್ಲ. ಆದರೆ ಇಷ್ಟೊಂದು ಊರಿನವರನ್ನು ಇಷ್ಟು ಇಕ್ಕಟ್ಟಿನ ಜಾಗದಲ್ಲಿ, ಇಷ್ಟು ಸ್ಪಷ್ಟವಾದ ಮೇಲು ಕೀಳಿನ ಪಟ್ಟಿಗಳೊಂದಿಗೆ ಕೂಡಿಹಾಕುವ ಇನ್ನೊಂದು ಉದ್ಯಮ ಸಿಗುವುದು ಕಷ್ಟ. ಭುಜದ ಮೇಲೆ ನಾಲ್ಕು ಪಟ್ಟಿ ಇದ್ದರೆ ಕ್ಯಾಪ್ಟನ್, ಮೂರಿದ್ದರೆ ಸಹಪೈಲಟ್. ಯಾರು ಯಾರಿಗೆ ಏನು ಹೇಳಬಹುದು ಎಂಬುದು ಅಂಗಿಯ ಮೇಲೆಯೇ ಬರೆದಿದೆ.

ಎಲ್ಲ ಅಡ್ಡಹೆಸರುಗಳೂ ಒಂದೇ ತೂಕದವಲ್ಲ. ಬಿಡಿಭಾಗಕ್ಕಾಗಿ ಕಾಯುತ್ತಾ ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ವಿಮಾನವನ್ನು 'ಹ್ಯಾಂಗರ್ ಕ್ವೀನ್' ಎಂದರೆ ಯಾರ ಗಂಟೂ ಹೋಗುವುದಿಲ್ಲ. ಅಹಂಕಾರದ ಕ್ಯಾಪ್ಟನ್‌ನನ್ನು 'ಸ್ಕೈ ಗಾಡ್', ಆಕಾಶದ ದೇವರು ಎಂದು ಕ್ಯಾಬಿನ್ ಸಿಬ್ಬಂದಿ ಪಿಸುಗುಟ್ಟುವುದು ಬಡಪಾಯಿಯ ಸೇಡು. ಗಮನಿಸಬೇಕಾದದ್ದು ಇದು: ಮೇಲಿನವರಿಗೆ ಇಟ್ಟ ಹೆಸರನ್ನು ಬೆನ್ನ ಹಿಂದೆ ಹೇಳುತ್ತಾರೆ, ಕೆಳಗಿನವರಿಗೆ ಇಟ್ಟ ಹೆಸರನ್ನು ಮುಖದ ಮೇಲೆಯೇ ಹೇಳುತ್ತಾರೆ. ಇಬ್ಬರು ಮೆಕ್ಯಾನಿಕ್‌ಗಳು ಪರಸ್ಪರ 'ಮಂಕಿ' ಎಂದುಕೊಂಡು ನಗಬಹುದು. ಅದೇ ಪದ ಮ್ಯಾನೇಜರನ ಬಾಯಿಂದ ಬಂದಾಗ ನಗದಿದ್ದರೆ 'ಸ್ವಲ್ಪ ಸ್ಪೋರ್ಟಿವ್ ಆಗಿರಿ' ಎಂಬ ಉಪದೇಶ ಉಚಿತ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ನಮ್ಮ ಗಾದೆಯಲ್ಲಿ ಇಲಿಯೇ ಇರುವುದು ಕಾಕತಾಳೀಯ.

ಮನಸ್ಸು ನೋಯುವುದು ಒಂದು ಮಾತಾಯಿತು. ಅದು ಸಣ್ಣದಲ್ಲ, ಆದರೆ ಅಷ್ಟೇ ಆಗಿದ್ದರೆ ಇದು ಎಲ್ಲ ಕಚೇರಿಗಳ ಕತೆಯಾಗುತ್ತಿತ್ತು. ವಿಮಾನಯಾನದಲ್ಲಿ ಇನ್ನೊಂದು ಲೆಕ್ಕವಿದೆ. ಹೆಸರು ಇಟ್ಟು ಒಬ್ಬನನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿದ ಮೇಲೆ ಅವನ ಬಾಯಿಂದ ಬರುವ ಮಾಹಿತಿಯೂ ಕೆಳಗಿನ ಮೆಟ್ಟಿಲಿನಲ್ಲೇ ಉಳಿಯುತ್ತದೆ. ಈ ಉದ್ಯಮದಲ್ಲಿ ಮಾಹಿತಿ ಮೇಲಕ್ಕೆ ಹತ್ತದಿದ್ದರೆ ಏನಾಗುತ್ತದೆ ಎಂಬುದಕ್ಕೆ ತನಿಖಾ ವರದಿಗಳ ರಾಶಿಯೇ ಇದೆ, ಅವುಗಳಲ್ಲಿ ಒಂದು ನಮ್ಮ ಊರಿನದು.

'ಬಸ್ ಡ್ರೈವರ್' ಎಂಬ ಹೀಯಾಳಿಕೆಯನ್ನೇ ತೆಗೆದುಕೊಳ್ಳೋಣ. ಆಷಾಢದ ಮಳೆಯಲ್ಲಿ, ರಾತ್ರಿ ಹನ್ನೊಂದಕ್ಕೆ, ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಬಸ್ಸಿಳಿಸುವವರನ್ನು ನೋಡಿದ ನಮಗೆ ಇದು ಬೈಗುಳವೆಂದು ಅನ್ನಿಸುವುದೇ ಇಲ್ಲ. ಆದರೆ ಬಸ್ಸಿನಲ್ಲಿರುವ ಒಂದು ಸಂಗತಿ ಬಹುಕಾಲ ವಿಮಾನದಲ್ಲಿ ಇರಲಿಲ್ಲ. ಮಂಗಳೂರಿನ ಸರ್ವಿಸ್ ಬಸ್ಸಿನಲ್ಲಿ ನಿರ್ವಾಹಕ ಸೀಟಿ ಊದಿದರೆ ಬಸ್ಸು ನಿಲ್ಲುತ್ತದೆ. ಚಾಲಕನಿಗೆ ಮೂವತ್ತು ವರ್ಷದ ಅನುಭವವಿದ್ದು ನಿರ್ವಾಹಕ ನಿನ್ನೆ ಮೊನ್ನೆ ಸೇರಿದ ಹುಡುಗನಾಗಿದ್ದರೂ ಸೀಟಿಗೆ ಬೆಲೆ ಒಂದೇ. 'ಯಾಕೆ ಊದಿದೆ' ಎಂಬ ಜಗಳ ಬಸ್ಸು ನಿಂತ ಮೇಲೆ. ಕಾಕ್‌ಪಿಟ್ಟಿನ ಬಲಗಡೆಯ ಆಸನದಲ್ಲಿ ಕೂತವನಿಗೆ ಅಂಥ ಸೀಟಿ ಇರಲಿಲ್ಲ. ಇದ್ದದ್ದು ಒಂದು ಹಳೆಯ ಜೋಕು: 'ಗಿಯರ್ ಅಪ್, ಫ್ಲ್ಯಾಪ್ಸ್ ಅಪ್, ಶಟ್ ಅಪ್'. ಸಹಪೈಲಟ್‌ನ ಕೆಲಸವೇನೆಂದರೆ ಚಕ್ರ ಎತ್ತುವುದು, ರೆಕ್ಕೆಯ ಫ್ಲ್ಯಾಪ್ ಎತ್ತುವುದು, ಆಮೇಲೆ ಬಾಯಿ ಮುಚ್ಚಿಕೊಂಡಿರುವುದು. ತಲೆಮಾರುಗಳ ಸಹಪೈಲಟ್‌ಗಳು ಈ ಜೋಕಿಗೆ ನಕ್ಕಿದ್ದಾರೆ. ನಗದೆ ವಿಧಿಯಿರಲಿಲ್ಲ.

2010ರ ಮೇ 22ರ ಬೆಳಿಗ್ಗೆ ಆರರ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನ ಮಂಗಳೂರು ನಿಲ್ದಾಣವಿರುವ ಬಜ್ಪೆಯ ಟೇಬಲ್‌ಟಾಪ್, ಅಂದರೆ ಗುಡ್ಡದ ನೆತ್ತಿಯ ಮೇಲಿನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಮೊದಲು ಓಡಿ ಬಂದವರು ಸುತ್ತಲಿನ ಊರಿನವರೇ. ಆ ದಿನವನ್ನು ಇಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಆಮೇಲೆ ಬಂದ ತನಿಖಾ ನ್ಯಾಯಾಲಯದ ವರದಿಯನ್ನು ಓದಿದವರು ಕಡಿಮೆ. ವಿಮಾನ ತೀರಾ ಎತ್ತರದಿಂದ, ಅಸ್ಥಿರವಾಗಿ ಇಳಿಯುತ್ತಿತ್ತು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಅದು ನೆಲ ಮುಟ್ಟಿತು. ಅದಕ್ಕೂ ಮೊದಲು ಸಹಪೈಲಟ್ ಮೂರು ಬಾರಿ 'ಗೋ ಅರೌಂಡ್' ಎಂದಿದ್ದರು, ಅಂದರೆ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು. ನೆಲ ಹತ್ತಿರವಾಗುವುದನ್ನು ಎಚ್ಚರಿಸುವ ಯಂತ್ರವೂ ಕೂಗುತ್ತಿತ್ತು. ಕ್ಯಾಪ್ಟನ್ ಮುಂದುವರಿದರು. ಹಾರಾಟದಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದ ಅವರು ಆ ಮಂಪರಿನಿಂದ ಪೂರ್ತಿ ಹೊರಬಂದಿರಲಿಕ್ಕಿಲ್ಲ ಎಂದು ವರದಿ ಹೇಳುತ್ತದೆ. ಮಂಗಳೂರಿನ ರೇಡಾರ್ ಆಗ ಕೆಟ್ಟಿತ್ತು ಎಂಬುದನ್ನೂ ಅದು ದಾಖಲಿಸಿದೆ.

ನನ್ನ ಮಟ್ಟಿಗೆ ಆ ವರದಿಯ ಅತ್ಯಂತ ಭಾರವಾದ ಸಾಲು ಬೇರೆ. ಮೂರು ಸಲ ಹೇಳಿದ ಸಹಪೈಲಟ್ ತಾನೇ ನಿಯಂತ್ರಣ ತೆಗೆದುಕೊಂಡು ವಿಮಾನವನ್ನು ಮೇಲೆತ್ತಲಿಲ್ಲ ಏಕೆ ಎಂಬ ಪ್ರಶ್ನೆಗೆ ವರದಿ ಕೊಡುವ ಉತ್ತರ: ಸಹಪೈಲಟ್‌ಗೆ ಹಾಗೆ ಮಾಡುವ ಅಧಿಕಾರವಿದೆಯೇ ಎಂಬ ಬಗ್ಗೆ ಬೇರೆ ಬೇರೆ ಸೂಚನೆಗಳಲ್ಲಿ ಬಹುಶಃ ಗೊಂದಲವಿತ್ತು. ಆ ಕಾಕ್‌ಪಿಟ್ಟಿನಲ್ಲಿ ಹೀಯಾಳಿಕೆಯಿಂದ ದುರಂತವಾಯಿತು ಎಂದು ವರದಿ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಬಲಗಡೆಯ ಆಸನದ ಮಾತಿಗೆ ಎಷ್ಟು ತೂಕ ಎಂಬ ಪ್ರಶ್ನೆ ಕಾಗದದಲ್ಲಿಯೇ ಅಸ್ಪಷ್ಟವಾಗಿದ್ದಾಗ, ಆ ಖಾಲಿ ಜಾಗವನ್ನು ತುಂಬುವುದು ರೂಢಿ. ಆ ರೂಢಿ ತಲೆಮಾರಿನಿಂದ ತಲೆಮಾರಿಗೆ ಸಾಗುವುದು 'ಶಟ್ ಅಪ್' ಎಂಬಂಥ ಜೋಕುಗಳ ಬೆನ್ನೇರಿಯೇ.

ಉದ್ಯಮಕ್ಕೆ ಇದು ಗೊತ್ತಿಲ್ಲದ್ದೇನಲ್ಲ. 1977ರಲ್ಲಿ ಸ್ಪೇನಿನ ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತಾಗ, ಎದುರಿನ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇನೋ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಅತ್ಯಂತ ಹಿರಿಯ ಕ್ಯಾಪ್ಟನ್ ಅದನ್ನು ತಳ್ಳಿಹಾಕಿ ಮುಂದುವರಿದಿದ್ದರು. ಮರುವರ್ಷ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಇಂಧನ ಮುಗಿದು ವಿಮಾನ ಬಿತ್ತು. ಅಲ್ಲಿಯೂ ಕಿರಿಯರು ಸೂಚ್ಯವಾಗಿ ಹೇಳುತ್ತಲೇ ಇದ್ದರು, ಗಟ್ಟಿಯಾಗಿ ಹೇಳಲಿಲ್ಲ. 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು, 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತರಬೇತಿ ಆರಂಭಿಸಿತು. ಇಂದು ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ಎಂದು ಕರೆಯುವ ಈ ಪಾಠ ಜಗತ್ತಿನಾದ್ಯಂತ ಕಡ್ಡಾಯ. ಕಿರಿಯ ಹೇಗೆ ಹೇಳಬೇಕು, ಹಿರಿಯ ಹೇಗೆ ಕೇಳಿಸಿಕೊಳ್ಳಬೇಕು ಎಂಬುದೇ ಅದರ ತಿರುಳು. ಎರಡು ಸಲ ಎಚ್ಚರಿಸಿದರೂ ಉತ್ತರವಿಲ್ಲದಿದ್ದರೆ ಕಿರಿಯನೇ ನಿಯಂತ್ರಣ ತೆಗೆದುಕೊಳ್ಳಬೇಕೆಂದು ಹಲವು ಸಂಸ್ಥೆಗಳ ನಿಯಮಾವಳಿಯಲ್ಲಿ ಬರೆದಿದೆ. ವಿಚಿತ್ರವೆಂದರೆ ತರಗತಿಯಲ್ಲಿ ಈ ಪಾಠ ಮುಗಿಸಿ ಹೊರಬಂದವರೇ ಚಹಾ ಕುಡಿಯುತ್ತಾ ಹಳೆಯ ಜೋಕು ಹೇಳುತ್ತಾರೆ.

ಈ ಪಾಠ ಮೊದಲು ಕಾಕ್‌ಪಿಟ್ಟಿನ ಬಾಗಿಲಿನವರೆಗೆ ಮಾತ್ರ ಇತ್ತು. ಬಾಗಿಲಿನಾಚೆಗಿನ 'ಡಾಲಿ'ಗಳಿಗೆ ಅದರಲ್ಲಿ ಪಾಲಿರಲಿಲ್ಲ. ಇದರ ಬೆಲೆ ಎಷ್ಟೆಂದು 1989ರ ಎರಡು ಅಪಘಾತಗಳು ತೋರಿಸಿದವು. ಜನವರಿಯಲ್ಲಿ ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಬ್ರಿಟಿಷ್ ಮಿಡ್‌ಲ್ಯಾಂಡ್ ವಿಮಾನದ ಎಡ ಎಂಜಿನ್ ಕೆಟ್ಟಿತು, ಪೈಲಟ್‌ಗಳು ತಪ್ಪಾಗಿ ಬಲ ಎಂಜಿನ್ ನಿಲ್ಲಿಸಿದರು. ಬಲ ಎಂಜಿನ್ನಿನಲ್ಲಿ ತೊಂದರೆ ಎಂದು ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ತಿಳಿಸಿದಾಗ, ಎಡಗಡೆ ಕಿಡಿ ಹಾರುವುದನ್ನು ಕಣ್ಣಾರೆ ಕಂಡಿದ್ದ ಪ್ರಯಾಣಿಕರು ಮತ್ತು ಕ್ಯಾಬಿನ್ ಸಿಬ್ಬಂದಿ ಕೆಲವರು ಸುಮ್ಮನಿದ್ದರು. ಪೈಲಟ್‌ಗಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂಬ ಭಾವನೆ. 47 ಮಂದಿ ಸತ್ತರು. ಮಾರ್ಚ್‌ನಲ್ಲಿ ಕೆನಡಾದ ಡ್ರೈಡನ್‌ನಲ್ಲಿ ರೆಕ್ಕೆಯ ಮೇಲೆ ಹಿಮ ಕಟ್ಟಿಕೊಂಡೇ ವಿಮಾನ ಹಾರಲು ಹೊರಟಿತು. ಹಿಮವನ್ನು ನೋಡಿದ್ದ ಗಗನಪರಿಚಾರಿಕೆ ಕಾಕ್‌ಪಿಟ್ಟಿಗೆ ತಿಳಿಸಲಿಲ್ಲ. ಅಂಥ ವಿಷಯಗಳಲ್ಲಿ ಪೈಲಟ್‌ಗಳು ತಮ್ಮ ಮಾತಿಗೆ ಕಿವಿಗೊಡುವುದಿಲ್ಲ ಎಂಬುದು ಹಿಂದಿನ ಅನುಭವದಿಂದ ಆಕೆಗೆ ಮನದಟ್ಟಾಗಿತ್ತು. 24 ಮಂದಿ ಸತ್ತರು. ಆಮೇಲೆ ಪೈಲಟ್‌ಗಳನ್ನೂ ಕ್ಯಾಬಿನ್ ಸಿಬ್ಬಂದಿಯನ್ನೂ ಒಟ್ಟಿಗೆ ಕೂರಿಸಿ ತರಬೇತಿ ಕೊಡುವ ಪದ್ಧತಿ ಬೆಳೆಯಿತು. ತಳ್ಳುಗಾಡಿಯ ಗೊಂಬೆಗೆ ಎಂಜಿನ್ ವಿಷಯ ಏನು ಗೊತ್ತು ಎಂಬ ಭಾವನೆಯನ್ನು ಕಿತ್ತುಹಾಕಲು ಇಷ್ಟು ಹೆಣ ಬೀಳಬೇಕಾಯಿತು.

ಈ ವೃತ್ತಿಯ ಮಹಿಳೆಯರ ಬಗೆಗಿನ ಹಗುರ ಭಾವಕ್ಕೆ ನಮ್ಮಲ್ಲಿ ಒಂದು ಕಾಲದಲ್ಲಿ ಸೇವಾ ನಿಯಮದ ರಕ್ಷಣೆಯೇ ಇತ್ತು. ಏರ್ ಇಂಡಿಯಾದ ಗಗನಪರಿಚಾರಿಕೆ 35 ವರ್ಷ ತುಂಬಿದಾಗ, ಅಥವಾ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಅಥವಾ ಮೊದಲ ಬಾರಿ ಗರ್ಭಿಣಿಯಾದರೆ, ಯಾವುದು ಮೊದಲೋ ಆಗ ಮನೆಗೆ ಹೋಗಬೇಕಿತ್ತು. ಅವಧಿ ವಿಸ್ತರಿಸುವುದು ಆಡಳಿತ ನಿರ್ದೇಶಕರ ಮರ್ಜಿ. ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್ ಗರ್ಭಧಾರಣೆಯ ನಿಯಮವನ್ನು ಭಾರತೀಯ ಸ್ತ್ರೀತ್ವಕ್ಕೆ ಮಾಡಿದ ಅವಮಾನವೆಂದು ಕರೆದು ರದ್ದುಪಡಿಸಿತು, ನಿರ್ದೇಶಕರ ಮರ್ಜಿಯನ್ನೂ ತೆಗೆದುಹಾಕಿತು. ನಾಲ್ಕು ವರ್ಷದ ಮದುವೆ ನಿಷೇಧವನ್ನು ಮಾತ್ರ ಎತ್ತಿಹಿಡಿಯಿತು ಎಂಬುದನ್ನು ಆ ತೀರ್ಪನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ. 2009ರಲ್ಲಿ ತೂಕ ಹೆಚ್ಚೆಂದು ಹತ್ತು ಮಂದಿಯನ್ನು ಅದೇ ಸಂಸ್ಥೆ ಕೆಲಸದಿಂದ ತೆಗೆದಾಗಲೂ ಪತ್ರಿಕೆಗಳ ತಲೆಬರಹಗಳಲ್ಲಿ ನಗು ಇತ್ತು. ಅಂದ ಹಾಗೆ, ನಮ್ಮ ಕನ್ನಡ ಪತ್ರಿಕೆಗಳು ಇವತ್ತಿಗೂ ಎಗ್ಗಿಲ್ಲದೆ ಬಳಸುವ 'ಗಗನಸಖಿ'ಯ ಬಗ್ಗೆ ಸುದ್ದಿಮನೆಗಳಲ್ಲಿ ಒಮ್ಮೆಯಾದರೂ ಚರ್ಚೆ ನಡೆಯಬೇಕು. ಬೆಂಕಿ ಬಿದ್ದ ವಿಮಾನವನ್ನು 90 ಸೆಕೆಂಡಿನಲ್ಲಿ ಖಾಲಿ ಮಾಡಿಸುವ ತರಬೇತಿ ಪಡೆದವಳು ಯಾರ ಸಖಿಯೂ ಅಲ್ಲ.

2022ರ ಡಿಸೆಂಬರ್‌ನಲ್ಲಿ ಇಸ್ತಾಂಬುಲ್‌ನಿಂದ ದೆಹಲಿಗೆ ಬರುತ್ತಿದ್ದ ವಿಮಾನದಲ್ಲಿ ಊಟದ ವಿಷಯಕ್ಕೆ ಪ್ರಯಾಣಿಕರೊಬ್ಬರು ಎಗರಾಡಿದಾಗ, 'ನಾನು ಇಲ್ಲಿಯ ಉದ್ಯೋಗಿ, ನಿಮ್ಮ ಆಳಲ್ಲ' ಎಂದು ಸಿಬ್ಬಂದಿಯೊಬ್ಬರು ತಿರುಗಿ ಹೇಳಿದ ವಿಡಿಯೊ ದೇಶವೆಲ್ಲ ಓಡಾಡಿತು. ಬಹಳ ಜನ ಮೆಚ್ಚಿದರು, ಕೆಲವರು ಸೊಕ್ಕು ಎಂದರು. ಹೆಸರಿಡುವ ಹಕ್ಕು ಟಿಕೆಟಿನ ಜತೆಗೇ ಬರುತ್ತದೆಂದು ಭಾವಿಸುವವರು ಪ್ರಯಾಣಿಕರಲ್ಲಿಯೂ ಸಾಕಷ್ಟಿದ್ದಾರೆ. ಭಾರತದ ಪೈಲಟ್‌ಗಳಲ್ಲಿ ಸುಮಾರು ಶೇ 15ರಷ್ಟು ಮಹಿಳೆಯರು, ಜಗತ್ತಿನ ಸರಾಸರಿಗಿಂತ ಎಷ್ಟೋ ಹೆಚ್ಚು ಎಂದು ಸರ್ಕಾರ ಹೆಮ್ಮೆಪಡುತ್ತದೆ. ಕ್ಯಾಪ್ಟನ್ ಹೆಣ್ಣುಮಗಳೆಂದು ಘೋಷಣೆಯಾದಾಗ 'ಸೀಟ್ ಬೆಲ್ಟ್ ಗಟ್ಟಿ ಮಾಡಿಕೊಳ್ಳಿ' ಎನ್ನುವ ಮಹಾಶಯ ಇನ್ನೂ ನಿವೃತ್ತನಾಗಿಲ್ಲ.

ಈಗ ವಿಮಾನದ ಹೊಟ್ಟೆಯೊಳಗೆ ಹೋಗೋಣ, ಅಲ್ಲಿಗೆ ಯಾರೂ ಹೋಗುವುದಿಲ್ಲ. ಗಲ್ಫಿಗೆ ಹಾರುವ 737ರ ಸರಕಿನ ಕೋಣೆಯಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಲೋಡರ್‌ಗಳು ಮಂಡಿಯೂರಿ, ಬೆನ್ನು ಬಾಗಿಸಿ ಒಂದೊಂದೇ ಬ್ಯಾಗನ್ನು ಕೈಯಿಂದ ಎಳೆದು ಜೋಡಿಸಬೇಕು. ಒಂದು ಬ್ಯಾಗ್ 32 ಕೆ.ಜಿ. ಮೀರಬಾರದೆಂಬ ನಿಯಮ ಇರುವುದೇ ಅವರ ಬೆನ್ನುಮೂಳೆಗಾಗಿ. ಚೆಕ್‌ಇನ್ ಕೌಂಟರಿನಲ್ಲಿ ಆ ನಿಯಮದ ಮೇಲೆ ಜಗಳವಾಡುವ ನಮಗೆ ಇದು ನೆನಪಿಗೆ ಬರುವುದಿಲ್ಲ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು, ಹಲಸಿನ ಹಪ್ಪಳ, ಉಪ್ಪಿನಕಾಯಿಯ ಡಬ್ಬಿಗಳು ಆ ಕತ್ತಲಲ್ಲಿ ಒಂದರ ಮೇಲೊಂದು ಕೂರುತ್ತವೆ. ಹೊರಗೆ ಗುಡ್ಡದ ಮೇಲಿನ ಮಳೆ, ಒಳಗೆ ಸೆಕೆ, ಕೈಗಡಿಯಾರದಲ್ಲಿ ಅರ್ಧ ಗಂಟೆ ಬಾಕಿ. ಇಂಥ ಕೆಲಸ ಈಗ ಅನೇಕ ನಿಲ್ದಾಣಗಳಲ್ಲಿ ಗುತ್ತಿಗೆ ಕಂಪನಿಗಳ ಕೈಯಲ್ಲಿದೆ. ಈ ಮನುಷ್ಯನಿಗೆ ಇಲಿ ಎಂಬ ಹೆಸರೂ ಅನೇಕ ವೇಳೆ ಬೇಕಾಗುವುದಿಲ್ಲ, 'ಏಯ್ ಲೋಡರ್' ಎಂದರೆ ಸಾಕು. ಹುದ್ದೆಯ ಹೆಸರೇ ಬೈಗುಳವಾಗಿ ಬಿಟ್ಟರೆ ಪ್ರತ್ಯೇಕ ಅಡ್ಡಹೆಸರಿನ ಅಗತ್ಯವೇನು?

ಆದರೆ ವಿಮಾನದ ಹೊರಮೈಯನ್ನು ಅತ್ಯಂತ ಹತ್ತಿರದಿಂದ ನೋಡುವವರಲ್ಲಿ ಆತ ಒಬ್ಬ. 2005ರ ಡಿಸೆಂಬರ್ 26ರಂದು ಅಮೆರಿಕದ ಸಿಯಾಟಲ್‌ನಲ್ಲಿ ಗುತ್ತಿಗೆ ಕಂಪನಿಯ ನೌಕರನೊಬ್ಬನ ವಾಹನ ಅಲಾಸ್ಕಾ ಏರ್‌ಲೈನ್ಸ್ ವಿಮಾನದ ಮೈಗೆ ತಾಗಿತು. ಆತ ಯಾರಿಗೂ ಹೇಳಲಿಲ್ಲ. ಸುಮಾರು 26,000 ಅಡಿ ಎತ್ತರದಲ್ಲಿ ಆ ಜಾಗ ಬಿರಿದು ಒಂದು ಅಡಿಯಷ್ಟು ತೂತಾಯಿತು, ಒಳಗಿನ ಒತ್ತಡ ಇಳಿಯಿತು, ಆಮ್ಲಜನಕದ ಮುಖವಾಡಗಳು ಜೋತಾಡಿದವು. ಪೈಲಟ್‌ಗಳು ಸುರಕ್ಷಿತವಾಗಿ ವಾಪಸು ಇಳಿಸಿದರು. ಅದೇ ವರ್ಷ ಆ ಸಂಸ್ಥೆ ಸಿಯಾಟಲ್‌ನಲ್ಲಿ ತನ್ನದೇ ನೌಕರರನ್ನು ಕೈಬಿಟ್ಟು ಬ್ಯಾಗು ಹೊರುವ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟಿತ್ತು. ಆ ನೌಕರ ಏಕೆ ಸುಮ್ಮನಿದ್ದನೆಂಬುದು ಅವನ ಮನಸ್ಸಿಗೇ ಗೊತ್ತು. ಆದರೆ ಕೆಲಸ ಹೋಗುವ ಭಯ, ಹೇಳಿದರೂ ಬೈಗುಳವೇ ಎಂಬ ಖಾತ್ರಿ, ಇವೆರಡೂ ಇರುವ ಕಡೆ ಬಾಯಿ ಮುಚ್ಚಿಕೊಳ್ಳುವುದು ಬುದ್ಧಿವಂತಿಕೆಯಾಗಿಯೇ ಕಾಣುತ್ತದೆ. ಇಲಿ ಎಂದು ಕರೆಸಿಕೊಂಡವನಿಂದ ಸಿಂಹದ ಪ್ರಾಮಾಣಿಕತೆ ನಿರೀಕ್ಷಿಸುವುದು ಆಡಳಿತದ ವಿಚಿತ್ರ ಗಣಿತ.

ನಮ್ಮಲ್ಲಿ ಏಣಿಗೆ ಇನ್ನೊಂದು ಮೆಟ್ಟಿಲಿದೆ. 2025ರ ಜೂನ್‌ನಲ್ಲಿ ಬೆಂಗಳೂರಿನ ಪರಿಶಿಷ್ಟ ಜಾತಿಯ ತರಬೇತಿ ಪೈಲಟ್ ಒಬ್ಬರು ದೇಶದ ದೊಡ್ಡ ವಿಮಾನಯಾನ ಸಂಸ್ಥೆಯೊಂದರ ಮೂವರು ಅಧಿಕಾರಿಗಳ ವಿರುದ್ಧ ಪೊಲೀಸರಿಗೆ ದೂರು ಕೊಟ್ಟರು. ಗುರುಗ್ರಾಮದ ಸಭೆಯೊಂದರಲ್ಲಿ 'ನೀನು ವಿಮಾನ ಹಾರಿಸಲು ಲಾಯಕ್ಕಿಲ್ಲ, ಹೋಗಿ ಚಪ್ಪಲಿ ಹೊಲಿ' ಎಂದರೆಂಬುದು ಅವರ ಆರೋಪ. ಆರೋಪ ನಿರಾಧಾರವೆಂದು ಸಂಸ್ಥೆ ತಳ್ಳಿಹಾಕಿತು. ಸತ್ಯವನ್ನು ನ್ಯಾಯಾಲಯ ನೋಡಿಕೊಳ್ಳಲಿ. ಈ ಲೇಖನಕ್ಕೆ ಸಂಬಂಧಿಸಿದ ಮಾತು ಇಷ್ಟು: ಆಮದಾದ 'ಬಸ್ ಡ್ರೈವರ್' ಹೀಯಾಳಿಕೆ ಕೆಲಸಕ್ಕೆ ಅಂಟುತ್ತದೆ, ಕೆಲಸ ಬಿಟ್ಟರೆ ಅದೂ ಬಿಡುತ್ತದೆ. ನಮ್ಮ ನೆಲದ ಹೀಯಾಳಿಕೆ ಹುಟ್ಟಿಗೆ ಅಂಟುತ್ತದೆ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಪರವಾನಗಿ ಪಡೆದರೂ ಅದರಿಂದ ಬಿಡುಗಡೆಯಿಲ್ಲ. ಆದ್ದರಿಂದಲೇ 'ಎಲ್ಲ ದೇಶದ ಕಾಕ್‌ಪಿಟ್ಟಿನಲ್ಲೂ ತಮಾಷೆ ಇರುತ್ತದೆ' ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ.

ಪ್ರಯಾಣಿಕರಾದ ನಮ್ಮ ಹೆಸರುಗಳಿಗೂ ಬರೋಣ. 2009ರಲ್ಲಿ ಆಗಿನ ವಿದೇಶಾಂಗ ಖಾತೆಯ ರಾಜ್ಯ ಸಚಿವ ಶಶಿ ತರೂರ್ ಟ್ವಿಟರ್‌ನಲ್ಲಿ ಅಗ್ಗದ ದರ್ಜೆಯನ್ನು 'ಕ್ಯಾಟಲ್ ಕ್ಲಾಸ್', ದನಗಳ ದರ್ಜೆ ಎಂದು ಕರೆದು ದೊಡ್ಡ ಗದ್ದಲವಾಗಿತ್ತು. ಆ ಪದವನ್ನು ಮೊದಲು ಬಳಸಿದ್ದು ಅವರಿಗೆ ಪ್ರಶ್ನೆ ಕೇಳಿದ ಪತ್ರಕರ್ತ, ಪದವೂ ಹಳೆಯದೇ. ಆದರೂ ಉದ್ಯಮದೊಳಗೆ ಎಲ್ಲರೂ ಆಡುವ ಮಾತು ಹೊರಗೆ ಬಿದ್ದಾಗ ಎಷ್ಟು ಕೆಟ್ಟದಾಗಿ ಕೇಳುತ್ತದೆ ಎಂದು ಅಂದು ಗೊತ್ತಾಯಿತು. ಹೀಗೆಯೇ ಇನ್ನೊಂದು, ನಮ್ಮ ಊರಿಗೆ ಹೆಚ್ಚು ಹತ್ತಿರದ್ದು: ಗಾಲಿಕುರ್ಚಿಯಲ್ಲಿ ವಿಮಾನ ಹತ್ತಿ, ಇಳಿಯುವಾಗ ಎದ್ದು ನಡೆದುಹೋಗುವ ಹಿರಿಯರ ಕುರಿತ 'ಮಿರಾಕಲ್ ಫ್ಲೈಟ್', ಪವಾಡದ ವಿಮಾನ ಎಂಬ ನಗೆ. ಮಂಗಳೂರಿನಿಂದ ಮಸ್ಕತ್ತಿಗೋ ದಮಾಮಿಗೋ ಮಗಳ ಬಾಣಂತನಕ್ಕೆ ಹೊರಟ ತಾಯಂದಿರಲ್ಲಿ ಗಾಲಿಕುರ್ಚಿ ಕೇಳುವವರು ಬೇಕಾದಷ್ಟು. ಕಾಲುನೋವಿಗಿಂತ ದೊಡ್ಡ ಭಯ ಬೇರೆ ನಿಲ್ದಾಣದ ಫಲಕಗಳು, ಅರ್ಜಿ ತುಂಬುವುದು, ಭಾಷೆ. ಕುರ್ಚಿಯ ಜತೆ ಒಬ್ಬ ಮನುಷ್ಯ ಬರುತ್ತಾನೆ, ಬೇಕಾಗಿರುವುದು ಆತ. ಇದರಲ್ಲಿ ಸ್ವಲ್ಪ ದುರುಪಯೋಗವೂ ಇದೆ, ನಿಜವಾಗಿ ನಡೆಯಲಾರದವರಿಗೆ ಕುರ್ಚಿ ಸಿಗದೆ ಹೋಗುವುದೂ ಇದೆ. ಆದರೆ ನಗುವವರು ತಮ್ಮದೇ ಸಂಕೇತ ಪಟ್ಟಿಯನ್ನು ಓದಿಲ್ಲ. ಗಾಲಿಕುರ್ಚಿಗೆ ಮೂರು ಸಂಕೇತಗಳಿವೆ. ಡಬ್ಲ್ಯುಸಿಎಚ್‌ಸಿ ಎಂದರೆ ಸೀಟಿನವರೆಗೂ ಒಯ್ಯಬೇಕು. ಡಬ್ಲ್ಯುಸಿಎಚ್‌ಎಸ್ ಎಂದರೆ ಮೆಟ್ಟಿಲು ಹತ್ತಲಾರರು. ಡಬ್ಲ್ಯುಸಿಎಚ್‌ಆರ್ ಎಂದರೆ ಮೆಟ್ಟಿಲು ಹತ್ತಬಲ್ಲರು, ವಿಮಾನದೊಳಗೆ ನಡೆಯಬಲ್ಲರು, ನಿಲ್ದಾಣದ ಉದ್ದ ದಾರಿ ಮಾತ್ರ ಆಗದು. ಮೂರನೆಯ ಗುಂಪಿನವರು ಎದ್ದು ನಡೆಯುವುದು ಪವಾಡವಲ್ಲ, ನಿಯಮದಲ್ಲಿ ಬರೆದದ್ದೇ.

ಸಂಕೇತಗಳಿಂದಲೂ ಒಂದು ಬಗೆಯ ಹೆಸರಿಡುವಿಕೆ ಹುಟ್ಟುತ್ತದೆ. ರೇಡಿಯೊದಲ್ಲಿ ಚುಟುಕಾಗಿ ಹೇಳಲು ಸಂಕೇತ ಬೇಕು, ಸರಿ. ಆದರೆ 'ಎರಡು ವ್ಹೀಲ್‌ಚೇರ್ ಬಾಕಿ ಇದೆ' ಎಂದು ಆ ಇಬ್ಬರು ಮುದುಕಿಯರ ತಲೆಯ ಮೇಲೆಯೇ ಕೂಗಿದಾಗ ಅವರು ನಿಜವಾಗಿಯೂ ಸರಕಾಗುತ್ತಾರೆ. ಗಲ್ಫಿನಿಂದ ಗಡೀಪಾರಾಗಿ ಬರುವವರಿಗೂ ಸಂಕೇತವಿದೆ. ಅದನ್ನು ಕನ್ವೇಯರ್ ಬೆಲ್ಟಿನ ಹತ್ತಿರ ಗಟ್ಟಿಯಾಗಿ ಉಚ್ಚರಿಸಿದರೆ ಸಾಕು, ಬಜ್ಪೆಯಿಂದ ಮನೆ ತಲುಪುವ ಮೊದಲೇ ಸುದ್ದಿ ಊರು ತಲುಪಿರುತ್ತದೆ.

ಇದಕ್ಕೆಲ್ಲ ಎದುರುವಾದ ಇದೆ, ಅದರಲ್ಲಿ ಹುರುಳೂ ಇದೆ. ರಾತ್ರಿ ಪಾಳಿ, ತಡವಾದ ವಿಮಾನ, ಬೊಬ್ಬೆ ಹಾಕುವ ಪ್ರಯಾಣಿಕರು, ಯಾವಾಗಲೂ ಹಿನ್ನೆಲೆಯಲ್ಲಿರುವ ಅಪಾಯ. ಇವುಗಳ ನಡುವೆ ದುಡಿಯುವವರಿಗೆ ಒರಟು ನಗು ಒಂದು ಆಸರೆ. ಆಸ್ಪತ್ರೆಯವರಿಗೂ ಪೊಲೀಸರಿಗೂ ಇದೆ. ಯುದ್ಧವಿಮಾನದ ಪೈಲಟ್‌ಗಳ ಕರೆಹೆಸರುಗಳು ಅನೇಕ ವೇಳೆ ಅವರು ಮಾಡಿದ ಎಡವಟ್ಟಿನಿಂದಲೇ ಬಂದಿರುತ್ತವೆ, ಅದನ್ನು ಅವರು ಹೆಮ್ಮೆಯಿಂದ ಹೊತ್ತು ತಿರುಗುತ್ತಾರೆ. ಎಲ್ಲ ಅಡ್ಡಹೆಸರನ್ನೂ ನಿಷೇಧಿಸುವ ಸುತ್ತೋಲೆ ಹೊರಡಿಸಿದರೆ ಅದು ಮರುದಿನವೇ ಹೊಸ ಜೋಕಾಗುತ್ತದೆ. ಮೇಲಿನಿಂದ ಪದ ಬದಲಿಸುವ ಪ್ರಯತ್ನಗಳ ಹಣೆಬರಹ ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ವಿಮಾನಯಾನ ಆಡಳಿತ ಸಾಕ್ಷಿ. ಪೈಲಟ್‌ಗಳಿಗೆ ಕೊಡುವ ಸೂಚನೆಯಾದ 'ನೋಟಿಸ್ ಟು ಏರ್‌ಮೆನ್' ಹೆಸರಿನಲ್ಲಿದ್ದ, ಗಂಡಸರನ್ನಷ್ಟೇ ಸೂಚಿಸುವ 'ಏರ್‌ಮೆನ್' ಎಂಬುದನ್ನು 2021ರ ಡಿಸೆಂಬರ್‌ನಲ್ಲಿ 'ಏರ್ ಮಿಷನ್ಸ್' ಎಂದು ಬದಲಿಸಿತು, 2025ರ ಫೆಬ್ರುವರಿಯಲ್ಲಿ ಸರ್ಕಾರ ಬದಲಾದೊಡನೆ ಹಳೆಯದಕ್ಕೇ ಮರಳಿತು. ಪೈಲಟ್‌ಗಳು ಎರಡೂ ಕಾಲದಲ್ಲಿ ಅದನ್ನು ಚುಟುಕಾಗಿ, ಸುಮ್ಮನೆ 'ನೋಟಮ್' ಎನ್ನುತ್ತಿದ್ದರು.

ಹಾಗಾಗಿ ನನ್ನ ತಕರಾರು ಪದಗಳ ಜತೆಗಿಂತ ಹೆಚ್ಚಾಗಿ ದೂರು ಹೇಳುವ ದಾರಿಯ ಜತೆಗೆ. ಕಾನೂನು ಕೆಲವು ಕಡೆ ಗಟ್ಟಿಯಾಗಿದೆ. ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಲೈಂಗಿಕ ಛಾಯೆಯ ಮಾತೂ ಕಿರುಕುಳವೇ. ಗುತ್ತಿಗೆ ನೌಕರರೂ ಅದರ ವ್ಯಾಪ್ತಿಗೆ ಬರುತ್ತಾರೆ, ಕೆಲಸದ ನಿಮಿತ್ತ ಸಾಗುವ ವಾಹನವೂ ಕೆಲಸದ ಸ್ಥಳವೇ. ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಜಾತಿ ಹಿಡಿದು ಸಾರ್ವಜನಿಕವಾಗಿ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಆದರೆ ಮೈಬಣ್ಣ, ದಪ್ಪ, ತೊದಲು, ಊರಿನ ಉಚ್ಚಾರ, ಮಾಡುವ ಕೆಲಸ, ಇವುಗಳ ಮೇಲೆ ದಿನವೂ ಬೀಳುವ ಏಟಿಗೆ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಅದು ಕಂಪನಿಯ ಮಾನವ ಸಂಪನ್ಮೂಲ ವಿಭಾಗದ ದಯೆಗೆ ಬಿಟ್ಟದ್ದು. ಗುತ್ತಿಗೆ ಲೋಡರ್‌ಗೆ ಆ ವಿಭಾಗ ಯಾವ ಊರಿನಲ್ಲಿದೆ ಎಂದೂ ತಿಳಿದಿರುವುದಿಲ್ಲ. ಬೈದವನು ವಿಮಾನ ಸಂಸ್ಥೆಯವನು, ಬೈಸಿಕೊಂಡವನು ಗುತ್ತಿಗೆದಾರನ ಕಡೆಯವನು, ನಡೆದ ಜಾಗ ನಿಲ್ದಾಣ ನಡೆಸುವ ಕಂಪನಿಯದ್ದು, ನೋಡಿದವನು ಭದ್ರತಾ ಪಡೆಯವನು. ನಾಲ್ವರಿಗೂ ನಾಲ್ಕು ಬೇರೆ ಯಜಮಾನರು.

ತರಬೇತಿ ಸಂಸ್ಥೆಗಳು ಕೂಡ ಇಲ್ಲಿ ಏನಾದರೂ ಮಾಡಬಹುದು. ಕೂದಲು ಬಾಚುವುದಕ್ಕೂ ಲಿಪ್‌ಸ್ಟಿಕ್ಕಿನ ಬಣ್ಣಕ್ಕೂ ಕೊಡುವ ತರಗತಿಗಳಲ್ಲಿ ಒಂದೆರಡನ್ನು ಇದಕ್ಕೆ ಕೊಟ್ಟು, ದೂರು ಯಾರಿಗೆ, ಎಷ್ಟು ದಿನದೊಳಗೆ, ಯಾವ ಕಾಗದದಲ್ಲಿ ಎಂದು ಕಲಿಸಿದರೆ ಪೋಷಕರ ಶುಲ್ಕಕ್ಕೆ ನ್ಯಾಯ ಸಿಗುತ್ತದೆ. 2013ರ ಕಾಯ್ದೆಯಡಿ ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗಬಹುದು. ಮೊದಲ ಕೆಲಸದ ಅಮಲಿನಲ್ಲಿ ಮೂರು ತಿಂಗಳು ಕಳೆಯುವುದು ಗೊತ್ತೇ ಆಗುವುದಿಲ್ಲ.

ಲೋಡರ್‌ನ ವಿಷಯಕ್ಕೆ ಬಂದರೆ, ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ಹಿಡಿಯುವ ವ್ಯವಸ್ಥೆ ವಿಮಾನ ನಿಲ್ದಾಣದಲ್ಲಿ ಆಗಲೇ ಇದೆ. ನೆಲದ ಮೇಲೆ ದುಡಿಯುವ ಮ್ಯಾನೇಜರ್, ಮೆಕ್ಯಾನಿಕ್, ಲೋಡರ್, ಕಸ ಗುಡಿಸುವವರು, ಯಾರೇ ಆಗಲಿ, ಯಾವ ಕಂಪನಿಯವರೇ ಆಗಲಿ, ಪೊಲೀಸ್ ಪರಿಶೀಲನೆಯಾಗಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ವ್ಯವಸ್ಥೆಯಡಿ ಪ್ರವೇಶಪತ್ರ ಪಡೆಯದೆ ಒಳಗೆ ಕಾಲಿಡುವಂತಿಲ್ಲ. ಭದ್ರತೆಯ ವಿಷಯ ಬಂದಾಗ 'ಅವನು ನಮ್ಮ ನೌಕರನಲ್ಲ' ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಅದೇ ಪ್ರವೇಶಪತ್ರದ ಸಂಖ್ಯೆಗೆ ಜೋಡಿಸಿ, ಯಾವ ಯಜಮಾನನ ಕೆಳಗಿದ್ದರೂ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಹೇಳಿಕೊಳ್ಳಬಹುದಾದ ಒಂದು ಸಾಮಾನ್ಯ ದೂರು ವ್ಯವಸ್ಥೆಯನ್ನು ಬಜ್ಪೆಯಲ್ಲಿ ಆರಂಭಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. ವಿಮಾನಕ್ಕೆ ವಾಹನ ತಾಗಿಸಿದವನ ತಪ್ಪೊಪ್ಪಿಗೆಯೂ, ತನ್ನನ್ನು ಇಲಿ ಎಂದವನ ಮೇಲಿನ ದೂರೂ ಒಂದೇ ಕಿಟಕಿಗೆ ಬರುವಂತಿರಬೇಕು, ಎರಡನ್ನೂ ಕೇಳಿಸಿಕೊಳ್ಳುವವನಿಗೆ ನಾಲ್ವರು ಯಜಮಾನರಲ್ಲಿ ಯಾರೂ ಸಂಬಳ ಕೊಡುವವರಾಗಿರಬಾರದು.